ಅಕ್ಕನನ್ನು ಹಡಗು ಹತ್ತಿಸಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ನಡೆದು ಬರುವುದನ್ನು ದೂರದಿಂದ ಕಂಡವರಿಗೆ, ಕಣ್ಣಿಗೆ ಕಾಣದ ತಳ್ಳುಗಾಡಿಯೊಂದನ್ನು ಆಕೆ ಏರುದಾರಿಯಲ್ಲಿ ನೂಕಿಕೊಂಡು ಬರುತ್ತಿದ್ದಾಳೆ ಎನಿಸುತ್ತದೆ. ಮೈ ಮುಂದಕ್ಕೆ ಬಾಗಿ, ಮೊಣಕೈಗಳು ಪಕ್ಕೆಗೆ ಅಂಟಿಕೊಂಡು, ಎದುರಿಗೆ ಬಂದವರು ತಾವಾಗಿಯೇ ದಾರಿ ಬಿಡುವಂಥ ನಡಿಗೆ ಅದು. ಲಾಂಡ್ರಿ ಅಂಗಡಿ ಇಟ್ಟ ಮೊದಲ ವರ್ಷಗಳಲ್ಲಿ ಮನೆಮನೆಯ ಬಟ್ಟೆಯನ್ನು ಆಕೆ ನಿಜವಾಗಿಯೂ ಗಾಡಿಯಲ್ಲಿ ತುಂಬಿ ನೂಕಿ ತಂದವಳು. ಆಮೇಲೆ ಗಾಡಿ ಹೋಗಿ ವ್ಯಾನು ಬಂತು, ವ್ಯಾನಿಗೊಬ್ಬ ಡ್ರೈವರ್ ಬಂದ, ಅಂಗಡಿ ಎರಡು ಮಳಿಗೆಯಷ್ಟು ಅಗಲವಾಯಿತು. ನಡಿಗೆ ಮಾತ್ರ ಗಾಡಿಯ ಕಾಲದಲ್ಲೇ ಉಳಿದುಕೊಂಡಿತು.

ಆಕೆಗೆ ಸುಕ್ಕು ಕಂಡರೆ ಆಗುವುದಿಲ್ಲ. ಎದುರಿಗೆ ನಿಂತವರು ಬ್ಯಾಂಕಿನ ಮ್ಯಾನೇಜರಾಗಿರಲಿ, ದಾರಿ ಕೇಳಲು ಬಂದ ಅಪರಿಚಿತರಾಗಿರಲಿ, ಮಾತಿನ ನಡುವೆಯೇ ಕೈ ಚಾಚಿ ಅವರ ಕಾಲರನ್ನು ಸರಿಪಡಿಸಿ, ಹೆಗಲ ಮೇಲೊಮ್ಮೆ ಅಂಗೈಯಿಂದ ಒತ್ತಿ, "ಆಯ್ತಾ? ಮುಂದೆ!" ಎಂದುಬಿಡುತ್ತಾಳೆ. ಕೌಂಟರಿನ ಹಿಂದೆ ನಿಂತು ಸಾಲಿನಲ್ಲಿದ್ದವರನ್ನು ಕರೆದೂ ಕರೆದೂ ನಾಲಗೆಗೆ ಹತ್ತಿದ ಆ "ಮುಂದೆ" ಮನೆಯಲ್ಲೂ ಬಿಟ್ಟುಹೋಗಲಿಲ್ಲ. ನನ್ನ ಪರೀಕ್ಷೆಯ ಫಲಿತಾಂಶ ಕೇಳಿದಾಗಲೂ ಅದೇ, ನನ್ನ ಮದುವೆ ಮುರಿದುಬಿತ್ತೆಂದು ಅತ್ತಾಗಲೂ ಅದೇ. ಎರಡು ಸಲವೂ ಅದು ನನಗೆ ಔಷಧಿಯಂತೆ ಹಿಡಿಸಿತು.

ಇನ್ನು ಆಕೆಯ ಕೋಟು. ಕಂದು ಬಣ್ಣದ, ಗಂಡಸರ ಅಳತೆಯ, ಆಳವಾದ ಜೇಬುಗಳ ಕೋಟು. ಯಾರೋ ಗಿರಾಕಿ ಒಗೆಯಲು ಕೊಟ್ಟು ಹೋದವರು ಮತ್ತೆ ಬರಲೇ ಇಲ್ಲ. ಕಾಯುವಷ್ಟು ಕಾಯ್ದು ಒಂದು ಚಳಿಯ ಬೆಳಿಗ್ಗೆ ಆಕೆ ಅದನ್ನು ತೊಟ್ಟುಕೊಂಡಳು. "ಯಾರಾದ್ರೂ ನಂದು ಅಂತ ಬಂದ್ರೆ ನಿಂತ ಜಾಗದಲ್ಲೇ ಬಿಚ್ಚಿ ಕೊಡ್ತೀನಿ" ಎನ್ನುತ್ತಾಳೆ. ಅಂಥ ಧೈರ್ಯವಂತರು ಇದುವರೆಗೆ ಹುಟ್ಟಿಲ್ಲ.

ಆದರೆ ಚಿಕ್ಕಮ್ಮನ ನಿಜವಾದ ವೈಶಿಷ್ಟ್ಯ ಜಗಳದ ವಿಚಾರದಲ್ಲಿದೆ. ಒಮ್ಮೆ ಒಬ್ಬ ಪಿಟೀಲು ವಾದಕರ ರೇಷ್ಮೆ ಅಂಗಿ ಕಛೇರಿಯ ದಿನವೇ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಸುಟ್ಟುಹೋಯಿತು. ಬೇರೆಯವರಾಗಿದ್ದರೆ ಕರೆಂಟಿನ ಮೇಲೆ ಹಾಕಿ ನುಣುಚಿಕೊಳ್ಳುತ್ತಿದ್ದರು. ಚಿಕ್ಕಮ್ಮ ಆ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರ ಮನೆಗೆ ನುಗ್ಗಿ, "ಸುಟ್ಟಿದ್ದು ನಾನು. ಬಯ್ಯೋದಿದ್ರೆ ಈಗಲೇ ಬಯ್ದುಬಿಡಿ, ಸಿಟ್ಟು ಹೊತ್ಕೊಂಡು ಸ್ಟೇಜ್ ಹತ್ತಬೇಡಿ" ಎಂದು ಅವರೆದುರಿನ ಕುರ್ಚಿಯಲ್ಲಿ ಕುಳಿತೇಬಿಟ್ಟಳು. ಅವರು ಮನಸೋಇಚ್ಛೆ ಬಯ್ದರು. ಆಕೆ ತಲೆದೂಗುತ್ತ ಕೇಳಿ, ಕೊನೆಗೆ ಅವರ ಕಾಲರನ್ನೂ ಸರಿಮಾಡಿ ಬಂದಳು. ಇವತ್ತಿಗೂ ಅವರ ಬಟ್ಟೆ ಬೇರೆ ಅಂಗಡಿಗೆ ಹೋಗುವುದಿಲ್ಲ.

ಇಂಥವಳಿಗೆ ಒಬ್ಬರೊಡನೆ ಮಾತ್ರ ಜಗಳ ಆಡಲು ಆಗಿರಲೇ ಇಲ್ಲ. ಅದು ಸ್ವಂತ ಅಕ್ಕ, ಅಂದರೆ ನನ್ನ ಅಮ್ಮ.

ಅಮ್ಮ ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಇಡೀ ಜೀವಮಾನ ಕೆಲಸ ಮಾಡಿದವಳು. ಮಾತನ್ನೂ ಹನಿಯ ಲೆಕ್ಕದಲ್ಲಿ ಕೊಡುವವಳು. ಆಕೆಗೆ ಕೋಪ ಬಂದರೆ ಧ್ವನಿ ಏರುವುದಿಲ್ಲ. ಸದ್ದಿಲ್ಲದೆ ಕುರ್ಚಿ ಹಿಂದೆ ಸರಿಸಿ, ಎದ್ದು, ಇನ್ನೊಂದು ಕೋಣೆಗೆ ಹೋಗಿಬಿಡುತ್ತಾಳೆ. ಇಪ್ಪತ್ತು ವರ್ಷದ ಹಿಂದೆ, ಬಹಳ ತಡವಾಗಿ ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ, ಹಾಸಿಗೆ ಬಿಟ್ಟು ಏಳಬಾರದು, ಮನಸ್ಸಿಗೆ ಯಾವ ಆಘಾತವೂ ಆಗಬಾರದು ಎಂದು ವೈದ್ಯರು ಅಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ನಾನಾಗ ಶಾಲೆಯ ಹುಡುಗಿ. ನನ್ನನ್ನು ಅತ್ತೆಯ ಮನೆಗೆ ಕಳಿಸಿದ್ದರು. ಅದೇ ಸಮಯಕ್ಕೆ ಬೇರೆ ಊರಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದ ತಾತ ಕಾಯಿಲೆ ಬಿದ್ದರು. ನಾಲ್ಕಾರು ದಿನಗಳಲ್ಲಿ ಎಲ್ಲ ಮುಗಿಯಿತು. ಅಕ್ಕನಿಗೆ ಹೇಳಕೂಡದೆಂದು ತೀರ್ಮಾನಿಸಿದವಳು ಚಿಕ್ಕಮ್ಮ. ಒಪ್ಪಿದವರು ನನ್ನ ತಂದೆ. ತಮ್ಮ ಸುಖವಾಗಿ ಹುಟ್ಟಿ, ಅಮ್ಮ ಎದ್ದು ಓಡಾಡುವಂತಾದ ಮೇಲೆ ಸುದ್ದಿ ತಿಳಿಸಿದರು.

ತಂದೆಯನ್ನು ಅಮ್ಮ ಧ್ವನಿ ಏರಿಸದೆಯೇ ವಾರವಿಡೀ ಬಯ್ದಳು, ಮುಗಿಸಿದಳು. ತಂಗಿಯನ್ನು ಒಂದು ಮಾತೂ ಅನ್ನಲಿಲ್ಲ. ಬದಲಿಗೆ ಆವತ್ತಿನಿಂದ ಆಕೆಯನ್ನು "ನೀವು" ಎಂದು ಕರೆಯತೊಡಗಿದಳು. ಜಡೆ ಹಿಡಿದು ಎಳೆದಾಡಿಕೊಂಡು ಬೆಳೆದ ತಂಗಿಗೆ "ನೀವು ಬನ್ನಿ, ನೀವು ಕೂತ್ಕೊಳ್ಳಿ, ನಿಮಗೆ ಕಾಫಿ ಸಾಕಾ?" ಎನ್ನುವ ಆ ಮರ್ಯಾದೆಯಷ್ಟು ಹರಿತವಾದ ಆಯುಧವನ್ನು ನಾನು ಇನ್ನೊಂದು ಕಂಡಿಲ್ಲ. ಚಿಕ್ಕಮ್ಮ ಮಾತೆತ್ತಿದಾಗಲೆಲ್ಲ ಕುರ್ಚಿ ಹಿಂದೆ ಸರಿಯುತ್ತಿತ್ತು, ಅಮ್ಮ ಏಳುತ್ತಿದ್ದಳು.

ಅಮ್ಮ ನಿವೃತ್ತಳಾದ ವಾರ ಚಿಕ್ಕಮ್ಮ ನಮ್ಮ ಮನೆಗೆ ಬಂದು, ದ್ವೀಪಗಳ ಕೊಲ್ಲಿಯಲ್ಲಿ ಒಂದು ರಾತ್ರಿ ಕಳೆದು ಬರುವ ಐಷಾರಾಮಿ ಹಡಗಿನಲ್ಲಿ ಮೂವರಿಗೂ ಜಾಗ ಕಾದಿರಿಸಿದ್ದೇನೆಂದು ಘೋಷಿಸಿದಳು. ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದಳು: "ಹಡಗಿಂದ ಎದ್ದು ಎಲ್ಲಿಗೆ ಹೋಗ್ತಾಳೆ ನೋಡೋಣ."

"ಅದಕ್ಕೆ ಇಷ್ಟು ದೊಡ್ಡ ಹಡಗು ಯಾಕೆ ಚಿಕ್ಕಮ್ಮ?" ಎಂದೆ.

"ಸಾಧಾರಣದ್ದಾದ್ರೆ ಹಾಸಿಗೆ ಸರಿ ಇಲ್ಲ, ಬಚ್ಚಲು ಸರಿ ಇಲ್ಲ ಅಂತ ನೆಪ ಸಿಗುತ್ತೆ ಅವಳಿಗೆ. ಯಾವ ಕೊರತೆನೂ ಇರಬಾರದು. ನಾನೊಬ್ಬಳೇ ಕೊರತೆಯಾಗಿ ಕಾಣ್ಬೇಕು."

ಹಡಗು ಕೊರತೆಯಿಲ್ಲದ್ದೇ ಆಗಿತ್ತು. ಬಿಳಿಯ ಮೂರು ಅಂತಸ್ತು, ಹೊಳೆಯುವ ಮರದ ನೆಲ, ಹತ್ತುವಾಗಲೇ ಕೈಗೆ ತಣ್ಣನೆಯ ಒದ್ದೆ ಟವೆಲು, ಹಣ್ಣಿನ ರಸ. ಚಿಕ್ಕಮ್ಮ ಟವೆಲನ್ನು ಮೂಸಿ, "ಸೋಪು ಜಾಸ್ತಿಯಾಯ್ತು" ಎಂದು ತೀರ್ಪಿತ್ತು, ಅದನ್ನು ತಟ್ಟೆಯಲ್ಲಿ ಹಿಡಿದು ನಿಂತಿದ್ದ ಹೆಂಗಸಿನ ಕಾಲರನ್ನು ಸರಿಪಡಿಸಿದಳು. ಅಕ್ಕ ತಂಗಿಗೆ ಒಂದೇ ಕೋಣೆ. ಗೋಡೆಯಗಲದ ಗಾಜಿನ ಕಿಟಕಿ, ಅದರಾಚೆ ನೀರು. "ಕಿಟಕಿ ಕಡೆ ನೀವು ಮಲಗಿ, ನಿಮಗೆ ಗಾಳಿ ಬೇಕಾಗುತ್ತೆ" ಎಂದಳು ಅಮ್ಮ. ಚಿಕ್ಕಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಹಡಗು ದ್ವೀಪಗಳ ನಡುವೆ ಬಂದಿತ್ತು. ಹಸಿರು ನೀರಿನಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬೆಟ್ಟಗಳು, ಅವುಗಳ ನೆತ್ತಿಯಲ್ಲಿ ಕುರುಚಲು ಕಾಡು, ಬುಡದಲ್ಲಿ ಅಲೆ ಕೊರೆದ ಕಪ್ಪು ಗೆರೆ. ಒಂದನ್ನು ದಾಟಿದರೆ ಅದರ ಮರೆಯಿಂದ ಇನ್ನೆರಡು ಹೊರಬರುತ್ತಿದ್ದವು. ಮೇಲಿನ ಡೆಕ್ಕಿನಲ್ಲಿ ಅಮ್ಮ ಒಂದು ಕೊನೆಯಲ್ಲಿ, ಚಿಕ್ಕಮ್ಮ ಇನ್ನೊಂದು ಕೊನೆಯಲ್ಲಿ ನಿಂತು ಒಂದೇ ದೃಶ್ಯವನ್ನು ಬೇರೆಬೇರೆಯಾಗಿ ನೋಡಿದರು.

ಬಿಸಿಲು ಇಳಿಮುಖವಾದಾಗ ಪ್ರಯಾಣಿಕರನ್ನೆಲ್ಲ ಕಯಾಕ್‌ಗಳಲ್ಲಿ ಕರೆದೊಯ್ದರು. ಒಬ್ಬರ ಹಿಂದೊಬ್ಬರು ಇಬ್ಬರು ಕೂತು, ಒಂದೊಂದು ಹುಟ್ಟು ಹಿಡಿದು ನಡೆಸುವ ಸಪೂರ ದೋಣಿಗಳವು. ನಾನು ಅಮ್ಮನ ಜೊತೆ ಕೂರುವುದೆಂದು ಮಾತಾಗಿತ್ತು. ನಾನು ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುವಷ್ಟರಲ್ಲಿ ಚಿಕ್ಕಮ್ಮ, ಕೋಟಿನ ಮೇಲೆಯೇ ಜಾಕೆಟ್ಟು ಬಿಗಿದುಕೊಂಡು, ಅಮ್ಮನ ಹಿಂದಿನ ಜಾಗದಲ್ಲಿ ಆಸೀನಳಾಗಿದ್ದಳು. ನನಗೆ ಮಾರ್ಗದರ್ಶಿಯ ದೋಣಿಯೇ ಗತಿಯಾಯಿತು. ಬಂಡೆಯೊಂದರ ಅಡಿಯ ತಗ್ಗಾದ ಕಮಾನಿನೊಳಗೆ ತಲೆ ಬಗ್ಗಿಸಿ ನುಸುಳಿದೆವು. ಒಳಗೆ, ಸುತ್ತಲೂ ಕಲ್ಲಿನ ಗೋಡೆ ಎದ್ದ ನಿಶ್ಚಲವಾದ ಕೊಳ. ಮೇಲೆ ಬಟ್ಟಲಗಲದ ಆಕಾಶ.

"ಇಲ್ಲಿ ಏನ್ ಕೂಗಿದ್ರೂ ವಾಪಸ್ ಬರುತ್ತೆ, ಕೂಗಿ ನೋಡಿ!" ಎಂದ ಮಾರ್ಗದರ್ಶಿ. ಜನ ತಂತಮ್ಮ ಹೆಸರು ಕೂಗಿಕೊಂಡು, ಮರಳಿ ಬಂದದ್ದನ್ನು ಕೇಳಿ ನಕ್ಕು, ಹೊರಗಿನ ದಾರಿ ಹಿಡಿದರು. ಕೊನೆಯವರಿಗಾಗಿ ಕಾಯುತ್ತ ನಮ್ಮ ದೋಣಿ ಅಮ್ಮನ ದೋಣಿಗೆ ಎದುರಾಗಿ ನಿಂತಿತ್ತು. ಚಿಕ್ಕಮ್ಮ ಮಾತ್ರ ತನ್ನ ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

"ಅಕ್ಕಾ, ಈಗ ಹೇಳು."

"ಏನು ಹೇಳೋದು? ಹುಟ್ಟು ಹಾಕಿ ನೀವು. ಎಲ್ಲರೂ ಹೋದ್ರು."

"ಇಪ್ಪತ್ತು ವರ್ಷದಿಂದ ಒಳಗಿಟ್ಕೊಂಡಿರೋದನ್ನ ಹೇಳು. ಅಲ್ಲೀವರೆಗೆ ನಾನು ಹುಟ್ಟು ಮುಟ್ಟಲ್ಲ."

"ನನಗೇನೂ ಇಲ್ಲ. ನೀವು ಮಾಡಿದ್ದು ಸರಿಯಾಗೇ ಇದೆ."

"ಸರಿಯಾಗೇ ಇದೆ. ಆ ದಿನ ವಾಪಸ್ ಬಂದ್ರೂ ಅದನ್ನೇ ಮಾಡ್ತೀನಿ. ಸರಿ ಮಾಡಿದ್ದಕ್ಕೇ ಬಯ್ಯಿ ಅಂತಿರೋದು."

ಅಮ್ಮ ಏಳಲು ಹೋದಳು. ಯೋಚಿಸಿ ಎದ್ದದ್ದಲ್ಲ, ಅದು ಆಕೆಯ ಮೈಗಂಟಿದ ಅಭ್ಯಾಸ. ದೋಣಿ ಒಂದು ಪಕ್ಕಕ್ಕೆ ವಾಲಿತು, ಮಾರ್ಗದರ್ಶಿ ಕತ್ತಿನಲ್ಲಿದ್ದ ಸೀಟಿಯನ್ನು ತುಟಿಗೆ ತಂದ, ಅಮ್ಮ ಎರಡೂ ಅಂಚುಗಳನ್ನು ಹಿಡಿದು ಧೊಪ್ಪನೆ ಕುಳಿತಳು. ಚಿಕ್ಕಮ್ಮನಿಗೆ ಕಾಣುತ್ತಿದ್ದದ್ದು ಅಕ್ಕನ ಬೆನ್ನು ಮಾತ್ರ. ಮುಖ ಇದ್ದದ್ದು ನನ್ನ ಕಡೆಗೆ. ಆ ಮುಖ ಕೆಂಪೇರಿ, ಕಡೆಗೆ ನಾನು ಹುಟ್ಟಿದಾಗಿನಿಂದ ಕೇಳದ ಒಂದು ಧ್ವನಿ ಅಮ್ಮನಿಂದ ಹೊರಬಂತು.

"ನೀನ್ಯಾರೇ? ಅದನ್ನ ತೀರ್ಮಾನ ಮಾಡೋಕೆ ನೀನ್ಯಾರೇ?"

ಯಾರೇ, ಯಾರೇ, ಯಾರೇ ಎಂದವು ಗೋಡೆಗಳು. ಆ ಏಕವಚನ ಕೇಳಿದ್ದೇ ಚಿಕ್ಕಮ್ಮನ ಮುಖ ಬೆಳಗಿತು. ಬೈಸಿಕೊಳ್ಳುತ್ತಿರುವವರ ಮುಖದಲ್ಲಿ ಅಷ್ಟು ಬೆಳಕನ್ನು ಯಾರೂ ನಿರೀಕ್ಷಿಸುವುದಿಲ್ಲ.

"ನನ್ನಪ್ಪ ಸಾಯ್ತಿದಾರೆ ಅನ್ನೋದು ನನಗೆ ಗೊತ್ತಾಗ್ಬೇಕೋ ಬೇಡ್ವೋ ಅಂತ ನೀನು ಹೇಳ್ತೀಯಾ? ಊರಿಗೆಲ್ಲಾ ಔಷಧಿ ಅಳೆದು ಕೊಟ್ಟೋಳು ನಾನು. ನಾನು ಎಷ್ಟು ತಡ್ಕೋತೀನಿ ಅಂತ ನನಗೆ ಗೊತ್ತಿರ್ಲಿಲ್ವಾ?"

"ನಿನಗೆ ಗೊತ್ತಿತ್ತು. ಹೊಟ್ಟೇಲಿದ್ದೋನಿಗೆ ಗೊತ್ತಿತ್ತಾ?"

"ಅದು ನನ್ನ ಮಗು ಕಣೇ!"

"ಹೌದು, ನಿನ್ನ ಮಗೂನೇ. ಬದುಕಿದಾನೆ. ದಿನಾ ಗಿಟಾರ್ ಬಾರಿಸಿ ಅಕ್ಕಪಕ್ಕದೋರ ಪ್ರಾಣ ತಿಂತಿದಾನೆ. ಬಯ್ಯಿ, ಇನ್ನೂ ಬಯ್ಯಿ."

ಅಮ್ಮ ಬಯ್ದಳು. ತಾತನ ಸಾವಿನಿಂದ ಹೊರಟು, ಚಿಕ್ಕಂದಿನಲ್ಲಿ ಕದ್ದ ರಿಬ್ಬನ್ನಿನವರೆಗೂ ಹೋಗಿ, ಅಲ್ಲಿಂದ ತಿರುಗಿ ಬಂದಳು. ಉಸಿರು ಕಟ್ಟಿದಾಗ ನಿಲ್ಲಿಸಿದಳು. ಗೋಡೆಗಳೂ ಸುಮ್ಮನಾದವು. ಆಮೇಲೆ ಬಹಳ ಸಣ್ಣ ದನಿಯಲ್ಲಿ, ನೀರನ್ನೇ ನೋಡುತ್ತ ಕೇಳಿದಳು:

"ಅಪ್ಪ ನನ್ನನ್ನ ಕೇಳಿದ್ರಾ?"

ಚಿಕ್ಕಮ್ಮ ತೊಡೆಯ ಮೇಲಿನ ಹುಟ್ಟಿನ ನೀರನ್ನು ಕೋಟಿನ ತೋಳಿನಿಂದ ಒರೆಸಿದಳು.

"ಕೇಳಿದ್ರು. ದಾರೀಲಿದಾಳೆ, ಬರ್ತಾಳೆ ಅಂದೆ."

"ಸುಳ್ಳು."

"ಹೂಂ, ಸುಳ್ಳೇ. ನಿನಗೊಂದು ಹೇಳಿದೆ, ಅವರಿಗೊಂದು ಹೇಳಿದೆ. ನಿಂದಕ್ಕೆ ನನಗೆ ದುಃಖ ಇಲ್ಲ. ಅವರದ್ದು ಇನ್ನೂ ಗಂಟಲಲ್ಲೇ ಇದೆ."

"ನಂಬಿದ್ರಾ?"

"ನಂಬಿದ್ರು ಕಣೇ ಅಕ್ಕಾ. ಗಡ್ಡ ತೆಗಿ ಅಂದ್ರು. ದೊಡ್ಡೋಳು ಬಂದು ಹಿಂಗೆ ನೋಡಿದ್ರೆ ಬಯ್ತಾಳೆ ಅಂದ್ರು. ನಾನೇ ತೆಗೆದೆ. ಗಲ್ಲದ ಹತ್ರ ಸ್ವಲ್ಪ ಕುಯ್ತು. 'ನಿನ್ನ ಕೈಗೆ ಇಸ್ತ್ರಿ ಪೆಟ್ಟಿಗೆನೇ ಸರಿ, ಬಿಡು' ಅಂದ್ರು. ಆಮೇಲೆ ನಿದ್ದೆ ಹೋದ್ರು. ಏಳ್ಲಿಲ್ಲ."

ಅಮ್ಮ ನಕ್ಕಳು. ಆ ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಎದುರಿಗಿದ್ದ ನನಗೂ ತಿಳಿಯಲಿಲ್ಲ. ಬಂಡೆಗಳಿಗೂ ತಿಳಿಯಲಿಲ್ಲವೆಂದು ಕಾಣುತ್ತದೆ, ಎರಡನ್ನೂ ಕಲೆಸಿ ಹಿಂದಿರುಗಿಸಿದವು. ಚಿಕ್ಕಮ್ಮ ಮುಂದಕ್ಕೆ ಬಾಗಿ ಅಕ್ಕನ ಬೆನ್ನಿನ ಮೇಲೆ ಅಂಗೈ ಇಟ್ಟಳು. ನನ್ನ ದೋಣಿಯಲ್ಲಿ ಕಕ್ಕಾಬಿಕ್ಕಿಯಾಗಿದ್ದ ಮಾರ್ಗದರ್ಶಿ, "ಏನಾದ್ರೂ ತೊಂದ್ರೆನಾ?" ಎಂದು ಕೂಗಿದ.

"ಏನಿಲ್ಲಪ್ಪಾ!" ಎಂದಳು ಚಿಕ್ಕಮ್ಮ, ಮೂಗು ಒರೆಸಿಕೊಳ್ಳುತ್ತ. "ಅಕ್ಕ ತಂಗಿ ಮಾತಾಡ್ತಿದೀವಿ!"

ವಾಪಸು ಬರುವಾಗ ಅವರ ದೋಣಿ ನೆಟ್ಟಗೆ ಸಾಗಿದ್ದೇ ಕಡಿಮೆ. "ಎಡಗಡೆ ಹಾಕು ಅಂದ್ರೆ ಎಡಗಡೆ ಹಾಕೇ" ಎಂದು ಅಮ್ಮ, "ನೀನು ಮೊದಲು ನೀರಿಗೆ ಮುಟ್ಟಿಸು" ಎಂದು ಚಿಕ್ಕಮ್ಮ. ದೋಣಿ ಬಂಡೆಗೆರಡು ಸಲ ಗುದ್ದಿದ ಮೇಲೆ, ಕೊನೆಗೆ ಮಾರ್ಗದರ್ಶಿಯೇ ಹಗ್ಗ ಕಟ್ಟಿ ಎಳೆದು ತಂದ.

ರಾತ್ರಿಯೂಟಕ್ಕೆ ಬಿಳಿಯ ಮೇಜುಬಟ್ಟೆ ಹಾಸಿದ್ದರು. ಅಮ್ಮ ಕರವಸ್ತ್ರ ಮಡಿಲಿಗೆ ಹರಡಿಕೊಂಡು ಶಾಂತವಾಗಿ ಹೇಳಿದಳು: "ನಿನ್ನ ಕ್ಷಮಿಸಿದೀನಿ ಅಂದ್ಕೋಬೇಡ."

"ಅಂದ್ಕೊಂಡಿಲ್ಲ. ಸೂಪು ಆರುತ್ತೆ, ಕುಡಿ."

"ಇನ್ನೊಂದು ವಿಷಯ. ಯಾರದ್ದೋ ಕೋಟು ಹಾಕ್ಕೊಂಡು ಇಂಥ ಜಾಗಕ್ಕೆ ಬರ್ತಾರಾ?"

"ಆಯ್ತಾ?" ಎಂದಳು ಚಿಕ್ಕಮ್ಮ. "ಮುಂದೆ."

ಮರುದಿನ ಬೆಳಗಿನ ಮಂಜಿನಲ್ಲಿ ದ್ವೀಪಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದಾಗ, ಎದುರಿನ ಬೆಟ್ಟ ಮಲಗಿದ ಹಸುವಿನಂತಿದೆಯೋ ಕವುಚಿಟ್ಟ ಬಕೆಟ್ಟಿನಂತಿದೆಯೋ ಎಂದು ಇಬ್ಬರೂ ಡೆಕ್ಕಿನ ಒಂದೇ ಕೊನೆಯಲ್ಲಿ ನಿಂತು ವಾದಿಸುತ್ತಿದ್ದರು. ಪಕ್ಕದ ಕುರ್ಚಿಯವರು ದಣಿದು ಎದ್ದು ಹೋದರು.

ಆಮೇಲೆ ಎಲ್ಲವೂ ನೆಟ್ಟಗಾಯಿತೆಂದರೆ ಉತ್ಪ್ರೇಕ್ಷೆಯಾದೀತು. ಅಮ್ಮ ಈಗ ವಾರವಾರ ತಂಗಿಗೆ ಫೋನು ಮಾಡಿ, "ನೋಡೇ" ಎಂದು ಶುರುಮಾಡಿ, ನೆನಪಾದ ಹಳೆಯದಕ್ಕೆಲ್ಲ ಬಯ್ಯುತ್ತಾಳೆ. ಎಂದಾದರೊಮ್ಮೆ ಆ "ನೀವು" ಮರುಕಳಿಸುವುದೂ ಉಂಟು. ಅಂಥ ದಿನ ಸಂಜೆಯೊಳಗೆ ಲಾಂಡ್ರಿಯ ವ್ಯಾನು ನಮ್ಮ ಮನೆಯ ಮುಂದೆ ನಿಂತಿರುತ್ತದೆ.

ಇನ್ನೊಬ್ಬರ ದುಃಖದ ಬಗ್ಗೆ ತಾವೇ ತೀರ್ಮಾನ ಮಾಡಿಬಿಡುವವರನ್ನು ಕಂಡರೆ ನನಗೆ ಈಗಲೂ ಅಂಜಿಕೆಯೇ. ಆದರೂ ಪ್ರತಿ ಮನೆತನದಲ್ಲಿ, ಉಳಿದವರೆಲ್ಲ ಕೈಕಟ್ಟಿ ಮುಖಮುಖ ನೋಡಿಕೊಳ್ಳುವ ಗಳಿಗೆಯಲ್ಲಿ, ಯಾರೋ ಒಬ್ಬರು ಆ ಕೆಲಸಕ್ಕೆ ಕೈ ಹಾಕಲೇಬೇಕಾಗುತ್ತದೆ. ಹಾಗೆ ಕೈ ಹಾಕಿದವರಲ್ಲಿ ಹೆಚ್ಚಿನವರು ಆಮೇಲೆ ಕೃತಜ್ಞತೆಗಾಗಿ ಕಾಯುತ್ತಾರೆ. ಸಿಗದಿದ್ದರೆ ಮುನಿದು ದೂರ ಸರಿಯುತ್ತಾರೆ. ಅಪರೂಪಕ್ಕೆ ಕೆಲವರು, ತಾವು ಉಳಿಸಿದವರಿಂದಲೇ ಬೈಸಿಕೊಳ್ಳುವುದು ಕೂಡ ಆ ಕೆಲಸದ್ದೇ ಒಂದು ಪಾಲು ಎಂದು ತಿಳಿದಿರುತ್ತಾರೆ. ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ನಾವು ಜೀವಮಾನವಿಡೀ ತೂಗುತ್ತಿರಬಹುದು. ಆದರೆ ಬಯ್ಯಬೇಕೆನಿಸಿದಾಗ ಅವರನ್ನು ಹುಡುಕಿಕೊಂಡು ಅಲೆಯುವ ಕಷ್ಟವನ್ನು ಅವರು ನಮಗೆ ಕೊಡುವುದಿಲ್ಲ, ತಾವಾಗಿಯೇ ಬಂದು ಎದುರಿಗೆ ಕುಳಿತಿರುತ್ತಾರೆ.