ಐದನೆಯ ಟ್ಯಾಂಕಿನ ಸಹಿ

ಕೇಶವಮೂರ್ತಿ ಬಾಯಲ್ಲಿದ್ದ ಬಿಯರನ್ನು ಸ್ಟೀಲಿನ ಬೋಗುಣಿಗೆ ಉಗುಳಿದರು. ಅದು ಬೋಗುಣಿಯ ತಳ ಮುಟ್ಟುವ ಮೊದಲೇ ಅವರ ಬಲಗೈ ನೀರಿನ ತಂಬಿಗೆಗೆ ಹೋಗಿತ್ತು. ಮೂರು ಸಲ ಬಾಯಿ ಮುಕ್ಕಳಿಸಿ, ತುಟಿ ಒರೆಸಿಕೊಂಡು, ಲೋಟವನ್ನು ಮತ್ತೊಮ್ಮೆ ಮೂಗಿನ ಹತ್ತಿರ ಹಿಡಿದರು.

"ಪ್ಯಾರಲ ಹಣ್ಣು," ಎಂದರು. "ಅದರ ಹಿಂದ ಕಿತ್ತಳಿ ಸಿಪ್ಪಿ, ಒಂಚೂರು ಹಸಿ ಹುಲ್ಲು. ಹುಳಿ ಅದ, ಆದ್ರ ಹದದಾಗ ಅದ. ಸ್ವಚ್ಛ ಬಿಯರು."

2018ರ ಏಪ್ರಿಲ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಏಳೂ ಹತ್ತು. ಔರಂಗಾಬಾದಿನ ವಾಳೂಜ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಬಿಯರ್ ಕಾರ್ಖಾನೆಯ ರುಚಿ ನೋಡುವ ಕೋಣೆಯಲ್ಲಿ ಮೂವರಿದ್ದರು. ಅರವತ್ತೊಂದರ ಕೇಶವಮೂರ್ತಿ ಮೂಲತಃ ಬಾಗಲಕೋಟೆಯವರು. ಅದೇ ವಾಳೂಜಿನ ದೊಡ್ಡ ಬಿಯರ್ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ಕೆಮಿಸ್ಟ್ ಆಗಿದ್ದು ನಿವೃತ್ತರಾದ ಮೇಲೆ ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಮಾಲೀಕ ತನ್ಮಯ ದೇಶಪಾಂಡೆಗೆ ಮೂವತ್ತೆಂಟು. ಬಿಯರ್ ತಯಾರಿಸಿದ ಮಾಲವಿಕಾಗೆ ಇಪ್ಪತ್ತೊಂಬತ್ತು. ಅವಳು ನಾಶಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದ ಹುಡುಗಿ; ಅಪ್ಪ ಧಾರವಾಡದಿಂದ ಬಂದ ತಂತ್ರಜ್ಞ. ಕನ್ನಡ ಅವಳಿಗೆ ಕೇಳಿದರೆ ಪೂರ್ತಿ ತಿಳಿಯುತ್ತಿತ್ತು, ಮಾತಾಡುವಾಗ ಅರ್ಧ ದಾರಿಯಲ್ಲಿ ಮರಾಠಿಗೆ ಹೊರಳುತ್ತಿತ್ತು.

ಐದನೆಯ ಟ್ಯಾಂಕಿನಲ್ಲಿ ಎರಡು ಸಾವಿರ ಲೀಟರ್ ಪೇಲ್ ಏಲ್ ಬಿಯರ್ ಇತ್ತು. ಅದನ್ನು ಹುದುಗಿಸಿದ್ದು ಪೊಟ್ಟಣದಲ್ಲಿ ಬರುವ ಯೀಸ್ಟ್ ಅಲ್ಲ. ಹಿಂದಿನ ವರ್ಷದ ಫೆಬ್ರವರಿಯಲ್ಲಿ ಮಾಲವಿಕಾ ನಿಫಾಡದ ತೋಟವೊಂದರಿಂದ ದ್ರಾಕ್ಷಿ ಗೊಂಚಲು ತಂದು, ಸಿಪ್ಪೆಯ ಮೇಲಿದ್ದ ಕಾಡು ಯೀಸ್ಟನ್ನು ಬಾಟಲಿಯಲ್ಲಿ ಬೆಳೆಸಿ, ಹದಿನಾಲ್ಕು ತಿಂಗಳು ಮಗುವಿನಂತೆ ಸಾಕಿದ್ದಳು. ನಾಶಿಕದ ಹೊಸ ರಿಸಾರ್ಟೊಂದು ಇಡೀ ಟ್ಯಾಂಕನ್ನು ಕೊಳ್ಳಲು ಮುಂದೆ ಬಂದಿತ್ತು. ಅವತ್ತು ಮಧ್ಯಾಹ್ನ ಎರಡಕ್ಕೆ ಅಲ್ಲಿ ರುಚಿ ತೋರಿಸಬೇಕು. ಮೂರಕ್ಕೆ ಇಲ್ಲಿ ಬಾಟಲಿ ತುಂಬಲು ಶುರು ಮಾಡಿದರೆ ಮಾತ್ರ ಶನಿವಾರದ ಉದ್ಘಾಟನೆಗೆ ಸರಕು ತಲುಪುತ್ತದೆ.

"ಸರ್," ಎಂದಳು ಮಾಲವಿಕಾ. "ನನಗೆ ಏನೋ ಬರ್ತಿದೆ. ನುಂಗಿದ ಮೇಲೆ, ಥೋಡಾ ವೇಳ್ ಆದ ಮೇಲೆ. ಉಂದೀರ್ ಥರ. ಇಲಿ."

"ಇಲಿ ವಾಸನಿ ಇದ್ರ ಮೊದಲ ಮೂಗಿಗೆ ಬರಬೇಕಲ್ಲವಾ."

"ಮೂಗಿಗೆ ಬರಲ್ಲ ಸರ್. ಆಮೇಲೆ ಬಾಯಲ್ಲಿ ಬರ್ತದೆ."

"ನಿನ್ನೆ ಎಷ್ಟು ಸ್ಯಾಂಪಲ್ ಕುಡದೀದಿ?"

"ಹನ್ನೊಂದು."

"ಹಂಗಾರ ಇಲಿ ಟ್ಯಾಂಕಿನಾಗಿಲ್ಲ. ನಿನ್ನ ನಾಲಗಿ ದಣದದ."

ತನ್ಮಯ ನಕ್ಕುಬಿಟ್ಟ. ಇಬ್ಬರ ಕನ್ನಡವೂ ಅವನಿಗೆ ಅಷ್ಟಿಷ್ಟು ತಿಳಿಯುತ್ತಿತ್ತು. "ಸಾಹೇಬರು ಹೇಳಿದ ಮೇಲೆ ಮುಗೀತು," ಎಂದು ಹಿಂದಿಯಲ್ಲಿ ಹೇಳಿ ರಿಜಿಸ್ಟರನ್ನು ಮುಂದೆ ತಳ್ಳಿದ. ಅದರಲ್ಲಿ ಪ್ರತಿ ಟ್ಯಾಂಕಿಗೂ ಎರಡು ಮನೆ: ಮಾಡಿದವರು, ರುಚಿ ನೋಡಿದವರು. ಎರಡನೆಯ ಮನೆಯಲ್ಲಿ ಕೇಶವಮೂರ್ತಿಯವರ ಸಹಿ ಬೀಳದೆ ಆ ಕಾರ್ಖಾನೆಯಲ್ಲಿ ಯಾವ ವಾಲ್ವೂ ತೆರೆಯುತ್ತಿರಲಿಲ್ಲ. ಹೊರಗೆ ಹೋಗುವ ಒಂದೊಂದು ಪೆಟ್ಟಿಗೆಯ ಚೀಟಿಯ ಮೇಲೂ ಅದೇ ಸಹಿಯ ಅಚ್ಚು ಇರುತ್ತಿತ್ತು.

ಏಳೂ ಇಪ್ಪತ್ತೈದಕ್ಕೆ ಅವರು ಸಹಿ ಹಾಕಿದರು.

ನಾಶಿಕದ ದಾರಿಯಲ್ಲಿ, ವೈಜಾಪುರದಲ್ಲಿ ಚಹಾಕ್ಕೆ ಗಾಡಿ ನಿಂತಾಗ ಮಾಲವಿಕಾ ಮತ್ತೆ ಆ ಮಾತು ತೆಗೆದಳು. ತನ್ಮಯ ಫೋನು ಹಿಡಿದು ಆಚೆ ಹೋಗಿದ್ದ. ಕಾರ್ಖಾನೆಯ ಹೊರಗೆ ಅವಳಿಗೆ ಅವರು ಸರ್ ಅಲ್ಲ, ಕಾಕಾ.

"ಕಾಕಾ, ಒಂದೇ ಒಂದು ಸಲ ನುಂಗಿ ನೋಡ್ತೀರಾ?"

"ಮೂವತ್ನಾಲ್ಕು ವರ್ಷದಾಗ ನುಂಗಿಲ್ಲ. ಕೆಲಸಕ್ಕ ಸೇರೂ ಮುಂದ ನಮ್ಮವ್ವಗ ಮಾತು ಕೊಟ್ಟೀನಿ, ಒಂದು ಹನೀನೂ ಗಂಟಲಿಗೆ ಇಳಸೂದಿಲ್ಲ ಅಂತ. ನಮ್ಮ ಮನಿಯಾಕಿ, ನಿಮ್ಮ ಕಾಕು ಲೆಕ್ಕದಾಗಂತೂ ನಾ ನೀರು ಪರೀಕ್ಷಾ ಮಾಡಾಂವ."

"ಕಾಕು ಖರಂಚ, ನಿಜವಾಗ್ಲೂ ನಂಬ್ತಾರಾ?"

"ನಂಬೂದಿಲ್ಲ. ನಂಬಿದಂಗ ಇರ್ತಾಳ."

ಮಾಲವಿಕಾ ನಗಲಿಲ್ಲ. "ಬಾಟಲಿ ತುಂಬಿದ್ರೆ ಇನ್ನೂ ಜಾಸ್ತಿ ಆಗ್ತದೆ, ಕಾಕಾ. ಆರು ಸಾವಿರ ಬಾಟಲಿ. ಗಾಳಿ ತಾಗಿದ್ರೆ ಇನ್ನೂ ಏಳ್ತದೆ ಅದು."

"ಇದ್ರ ತಾನ ಏಳೂದು," ಎಂದರು ಅವರು. ಆದರೆ ಯೇವಲಾ ದಾಟುವವರೆಗೂ ಆ ಮಾತು ಅವರನ್ನು ಬಿಡಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ಹದಿನಾಲ್ಕು ತಿಂಗಳು ಸಾಕಿದ್ದನ್ನು ಕೆಟ್ಟಿದೆ ಎಂದು ತಾನೇ ಹೇಳುವುದರಲ್ಲಿ ಅವಳಿಗೆ ಯಾವ ಲಾಭವೂ ಇಲ್ಲ. ಹಾಗಿದ್ದರೆ ಒಂದೋ ಅವಳ ನಾಲಗೆ ತಪ್ಪಿದೆ, ಇಲ್ಲವೇ ತನ್ನದು. ತನ್ನದು ಈವರೆಗೆ ತಪ್ಪಿದ್ದು ಅವರಿಗೆ ನೆನಪಿರಲಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಅವರು ಉಗುಳುವುದನ್ನೂ ಮುಕ್ಕಳಿಸುವುದನ್ನೂ ಕಂಡು ಜೊತೆಯವರು, ಮೂರ್ತಿಗಳ ಸಂಧ್ಯಾವಂದನೆ ಶುರುವಾಯಿತು ಎಂದು ಆಡಿಕೊಳ್ಳುತ್ತಿದ್ದರು. ಆದರೂ ಅನುಮಾನ ಬಂದಾಗ ಕೊನೆಯ ಲೋಟ ಅವರ ಮುಂದೆಯೇ ಬರುತ್ತಿತ್ತು.

ರಿಸಾರ್ಟು ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿತ್ತು. ಎರಡು ಗಂಟೆಗೆ ಸರಿಯಾಗಿ ಮ್ಯಾನೇಜರ್ ಪ್ರಾಚಿ ನಿಕಮ್ ಬಂದಳು. ಜೊತೆಗೆ ಅಡುಗೆಮನೆಯ ಮುಖ್ಯಸ್ಥ ಆಕರ್ಷ, ಮತ್ತು ಅಲ್ಲಿಯ ವೈನ್ ನೋಡಿಕೊಳ್ಳುವ ಒಬ್ಬ ಹೆಂಗಸು. ತನ್ಮಯ ಯೀಸ್ಟಿನ ಕಥೆ ಹೇಳಿದ. ಮಾಲವಿಕಾ ಲೋಟಗಳಿಗೆ ಬಿಯರ್ ಸುರಿದಳು. ಯಾರ ಮುಖವನ್ನೂ ಅವಳು ನೋಡುತ್ತಿರಲಿಲ್ಲ.

ಪ್ರಾಚಿ ಮೂಸಿದಳು, ಕುಡಿದಳು, ತಲೆಯಾಡಿಸಿದಳು. "ಛಾನ್," ಎಂದಳು. "ಈ ವಾಸನೆಯನ್ನೇ ನಾನು ಮಾರಬಲ್ಲೆ."

ಕೇಶವಮೂರ್ತಿ ಅವಳನ್ನು ಬಿಟ್ಟು ಆಕರ್ಷನನ್ನು ನೋಡುತ್ತಿದ್ದರು. ಅವನೂ ಕುಡಿದ, ಮುಗುಳ್ನಕ್ಕ, ಲೋಟವನ್ನು ಬೆಳಕಿಗೆ ಹಿಡಿದ. ಆಮೇಲೆ ಅವನ ನಾಲಗೆ ಬಾಯೊಳಗೆ ಏನನ್ನೋ ಹುಡುಕಿತು. ಹುಬ್ಬು ಗಂಟಾಯಿತು. ತಟ್ಟೆಯಿಂದ ಒಂದು ಹಪ್ಪಳದ ಚೂರು ತೆಗೆದು ಬಾಯಿಗೆ ಹಾಕಿಕೊಂಡ. ವೈನಿನ ಹೆಂಗಸೂ ಲೋಟ ಕೆಳಗಿಟ್ಟು ನೀರು ಕೇಳಿದಳು.

ಅವರು ಮಣಿಕಟ್ಟು ತಿರುಗಿಸಿ ಗಡಿಯಾರದ ಸೆಕೆಂಡು ಮುಳ್ಳು ನೋಡಿದರು. ಆಕರ್ಷ ಎರಡನೆಯ ಗುಟುಕು ನುಂಗಿದ ಕ್ಷಣದಿಂದ ಹುಬ್ಬು ಗಂಟಾಗುವವರೆಗೆ ಹದಿಮೂರು ಸೆಕೆಂಡು. ಮೂರನೆಯ ಗುಟುಕಿಗೆ ಹನ್ನೊಂದು.

"ಕಾಡು ಯೀಸ್ಟ್ ಅಂದರೆ ಹೀಗೇ ಇರಬೇಕೇನೋ," ಎಂದ ಆಕರ್ಷ ಸೌಜನ್ಯದಿಂದ. "ಕೊನೆಗೆ ಏನೋ ಒಂದು ಬರುತ್ತದೆ."

"ನನಗೇನೂ ಬರಲಿಲ್ಲ," ಎಂದಳು ಪ್ರಾಚಿ. ತನ್ಮಯ ಆಗಲೇ ಚೀಲದಿಂದ ಒಪ್ಪಂದದ ಕಾಗದ ತೆಗೆದಿದ್ದ.

ಕೇಶವಮೂರ್ತಿ ತಮ್ಮ ಮುಂದಿದ್ದ ಲೋಟ ಎತ್ತಿದರು. ಒಂದು ಗುಟುಕು, ನಾಲಗೆಯ ಸುತ್ತ ಎರಡು ಸುತ್ತು, ಬೋಗುಣಿಗೆ. ಕೈ ನೀರಿನ ಕಡೆ ಹೋಯಿತು. ಅರ್ಧಕ್ಕೆ ಅದನ್ನು ತಡೆದು ಮೇಜಿನ ಅಂಚನ್ನು ಹಿಡಿದುಕೊಂಡರು.

ಬಾಯಿ ತೊಳೆಯದೆ ಕೂತಿದ್ದು ಅವರ ನೆನಪಿನಲ್ಲಿ ಅದೇ ಮೊದಲು. ಎಂಜಲಿನಂತೆ ಅದು ಹಲ್ಲಿನ ಸಂದಿಯಲ್ಲಿ ಅಂಟಿಕೊಂಡಿತ್ತು. ಐದು. ಆರು. ಹುಳಿ ಇಳಿಯುತ್ತಿತ್ತು, ಬಾಯಲ್ಲಿ ನೀರೂರುತ್ತಿತ್ತು. ಎಂಟು. ಏನೂ ಇಲ್ಲ. ಒಂಬತ್ತು. ತಾನು ಗೆದ್ದೆ ಎಂದುಕೊಂಡರು. ಹನ್ನೊಂದನೆಯ ಸೆಕೆಂಡಿಗೆ ಅದು ಬಂತು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಜೋಳದ ಚೀಲದ ಬಾಯಿ ಬಿಚ್ಚಿದಾಗ, ಇಲಿ ಓಡಾಡಿದ ಜಾಗದಿಂದ ಮುಖಕ್ಕೆ ಹೊಡೆಯುವ ಘಾಟು. ಬಂದದ್ದು ಹೋಗಲೂ ಇಲ್ಲ. ಗಂಟಲಿನ ಹಿಂದೆ ಕೂತು ಮೂಗಿಗೆ ಏರಿತು.

ಕಾರಣ ಅವರಿಗೆ ಕ್ಷಣದಲ್ಲಿ ಹೊಳೆಯಿತು. ರಸಾಯನಶಾಸ್ತ್ರ ಅವರು ಮರೆತಿರಲಿಲ್ಲ. ಬಿಯರಿನ ಹುಳಿ ಆ ವಾಸನೆಯನ್ನು ಕಟ್ಟಿಹಾಕಿಡುತ್ತದೆ, ಆದ್ದರಿಂದ ಲೋಟದಲ್ಲಿ ಮೂಗಿಗೆ ಸಿಗುವುದಿಲ್ಲ. ಬಾಯೊಳಗಿನ ಜೊಲ್ಲು ಹುಳಿಯನ್ನು ಇಳಿಸಿದ ಮೇಲಷ್ಟೇ ಅದು ಬಿಡುಗಡೆಯಾಗುತ್ತದೆ. ಅದಕ್ಕೆ ಹತ್ತು ಹನ್ನೆರಡು ಸೆಕೆಂಡು ಬೇಕು. ಅವರು ಮೂರು ಸೆಕೆಂಡಿಗೇ ನೀರು ಹಾಕಿ ತೊಳೆದುಬಿಡುತ್ತಿದ್ದರು. ದೊಡ್ಡ ಕಾರ್ಖಾನೆಯ ಸಾಕಿದ ಯೀಸ್ಟಿನಲ್ಲಿ ಈ ದೋಷ ತಲೆ ಹಾಕುತ್ತಿರಲಿಲ್ಲ, ಹಾಗಾಗಿ ಅವರ ಮುಕ್ಕಳಿಸುವಿಕೆಯಿಂದ ಯಾರಿಗೂ ಏನೂ ಆಗಿರಲಿಲ್ಲ. ಇವತ್ತು ಬೆಳಿಗ್ಗೆ ಆಗಿತ್ತು. ಅದೂ ಸಾಲದೆಂದು, ಹೇಳಲು ಬಂದ ಹುಡುಗಿಯ ಬಾಯನ್ನೂ ಮಾಲೀಕನ ಮುಂದೆ ಮುಚ್ಚಿಸಿದ್ದರು.

ಎರಡೂ ನಲವತ್ತೊಂದು.

ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ಮ್ಯಾನೇಜರಿಗೆ ಅದು ಗೊತ್ತೇ ಆಗುತ್ತಿಲ್ಲ. ಗೊತ್ತಾದವರು ಅದನ್ನೇ ಗುಣ ಎಂದುಕೊಂಡಿದ್ದಾರೆ. ಮಾಲವಿಕಾ ಈಗ ಬಾಯಿ ತೆರೆಯುವುದಿಲ್ಲ. ಮೂರಕ್ಕೆ ವಾಳೂಜಿನಲ್ಲಿ ವಾಲ್ವು ತೆರೆಯುತ್ತದೆ, ಶನಿವಾರ ಆರು ಸಾವಿರ ಬಾಟಲಿ ತಮ್ಮ ಸಹಿಯ ಚೀಟಿಯೊಂದಿಗೆ ಹೊರಡುತ್ತವೆ.

ಅವರು ಎದ್ದು ತನ್ಮಯನ ತೋಳು ಹಿಡಿದು ನೀರಿನ ಕಡೆಗಿದ್ದ ಕಟ್ಟೆಯ ಹತ್ತಿರ ಕರೆದೊಯ್ದರು.

"ಲಾಲಸಾಬಗ ಫೋನ್ ಮಾಡ್ರಿ. ಬಾಟಲಿ ತುಂಬೂದು ಬ್ಯಾಡ."

"ಏನಾಯಿತು?"

"ಮಾಲವಿಕಾ ಹೇಳಿದ್ದು ಖರೇ ಅದ. ನನಗೂ ಬಂತು."

ತನ್ಮಯ ಅವರ ಮುಖವನ್ನು ನೋಡಿದ. ನಗೆಯಿಲ್ಲದ ತಗ್ಗಿದ ದನಿಯಲ್ಲಿ ಹಿಂದಿಯಲ್ಲಿ ಹೇಳಿದ: "ಬೆಳಿಗ್ಗೆ ಸ್ವಚ್ಛ ಅಂದಿರಿ. ಏಳೇ ಗಂಟೆಯಲ್ಲಿ ಇಲಿ ಹುಟ್ಟಿತಾ? ಮೇಡಂಗೆ ಇಷ್ಟವಾಗಿದೆ. ಕಾಗದ ಮೇಜಿನ ಮೇಲಿದೆ. ನಿಮಗೆ ಬಿಸಿಲು ತಾಗಿದೆ, ನೆರಳಲ್ಲಿ ಕೂತುಕೊಳ್ಳಿ."

"ಬೆಳಿಗ್ಗೆ ನಾ ಬಾಯಿ ತೊಳಕೊಂಡೆ. ಅದಕ್ಕ ಬರಲಿಲ್ಲ. ತಪ್ಪು ನಂದು."

"ನಾನು ಫೋನ್ ಮಾಡುವುದಿಲ್ಲ."

"ಹಂಗಾರ ನಾ ಮಾಡ್ತೀನಿ."

ಲಾಲಸಾಬ ಇಂಡಿ ತಾಲ್ಲೂಕಿನವನು, ಟ್ಯಾಂಕುಗಳ ಉಸ್ತುವಾರಿ ಅವನದು. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲವೂ ರಿಂಗಾಗಿ ನಿಂತಿತು. ಅದರ ಅರ್ಥ ಅವನು ಬಾಟಲಿ ಯಂತ್ರದ ಗದ್ದಲದಲ್ಲಿದ್ದಾನೆ. ಎರಡೂ ನಲವತ್ತೇಳು. ತನ್ಮಯ ಕಟ್ಟೆಗೆ ಒರಗಿ ಹಿನ್ನೀರು ನೋಡುತ್ತಿದ್ದ. ಮೇಜಿನ ಬಳಿ ಪ್ರಾಚಿ ಪೆನ್ನಿನ ಮುಚ್ಚಳ ತೆಗೆದಳು.

ಮೂರನೆಯ ಸಲಕ್ಕೆ ಲಾಲಸಾಬ ಎತ್ತಿದ.

"ಹೇಳ್ರಿ ಸಾಹೇಬ್ರ. ಲೈನ್ ತೊಳದೀವಿ. ವಾಲ್ವ್ ಮ್ಯಾಲ ಕೈ ಇಟ್ಟಕೊಂಡ ನಿಂತೀನಿ."

"ಕೈ ತಗಿ. ಐದನೇ ಟ್ಯಾಂಕು ಬಿಡಬ್ಯಾಡ."

"ಮಾಲಕರು ಮೂರಕ್ಕ ಬಿಡು ಅಂದಾರ್ರಿ. ಅವರ ಹೇಳಬೇಕಲ್ರಿ."

"ರಿಜಿಸ್ಟರ್ ಮುಂದ ಅದ ಏನು?"

"ಅದರಿ."

"ರುಚಿ ನೋಡಿದವರ ಮನಿಯಾಗ ಸಹಿ ಯಾರದು?"

"ನಿಮ್ದರಿ."

"ಅದನ್ನ ನಾ ವಾಪಸ್ ತಗೊಂಡೀನಿ. ಅದರ ಮ್ಯಾಲ ಒಂದ ಗೆರಿ ಎಳಿ. ಅಳಸಬ್ಯಾಡ, ಕೆಳಗಿಂದು ಓದಾಕ ಬರಬೇಕು. ಬಾಜೂಕ ವ್ಯಾಳ್ಯಾ ಬರಿ."

ಆಚೆ ಕಡೆ ಯಂತ್ರದ ಸದ್ದು ನಿಂತಿತು. "ಮತ್ತ ಮಾಲಕರು ಬೈದ್ರ?"

"ನನ್ನ ಹೆಸರು ಹೇಳು."

"ಎಳದೀನ್ರಿ. ಎರಡು ಐವತ್ತು."

ಕೇಶವಮೂರ್ತಿ ಮೇಜಿಗೆ ಮರಳಿ, ಪ್ರಾಚಿ ಸಹಿ ಮಾಡುವ ಮೊದಲು ಅವಳ ಮುಂದೆ ನಿಂತು ತಮಗೆ ಬರುವ ಮರಾಠಿಯಲ್ಲೇ ಹೇಳಿದರು. ಈ ಬಿಯರಿನಲ್ಲಿ ದೋಷವಿದೆ. ಆಕರ್ಷರಿಗೆ ಕೊನೆಯಲ್ಲಿ ಬಂದದ್ದು ಗುಣ ಅಲ್ಲ, ಅದೇ ದೋಷ. ಆರೋಗ್ಯಕ್ಕೆ ಹಾನಿಯಿಲ್ಲ, ಆದರೆ ನಿಮ್ಮ ಅತಿಥಿಗಳು ಎರಡನೆಯ ಲೋಟ ಕೇಳುವುದಿಲ್ಲ. ಇದನ್ನು ಬೆಳಿಗ್ಗೆಯೇ ಮಾಲವಿಕಾ ಹಿಡಿದಿದ್ದಳು. ನಾನು ಹಿಡಿಯಲಿಲ್ಲ, ಅವಳನ್ನು ನಂಬಲೂ ಇಲ್ಲ.

ಆಕರ್ಷ ಸದ್ದಿಲ್ಲದೆ ತನ್ನ ಲೋಟವನ್ನು ದೂರ ತಳ್ಳಿದ. ಪ್ರಾಚಿ ಪೆನ್ನಿನ ಮುಚ್ಚಳ ಹಾಕಿದಳು.

"ಶನಿವಾರಕ್ಕೆ ನಾನು ಬೇರೆಯವರನ್ನು ನೋಡಬೇಕಾಗುತ್ತದೆ," ಎಂದಳು.

"ನೋಡಬೇಕು," ಎಂದರು ಅವರು.

ತನ್ಮಯ ಬಂದು ಕುರ್ಚಿಯಲ್ಲಿ ಕುಸಿದ. ಲೋಟ ಎತ್ತಿ ಒಂದು ದೊಡ್ಡ ಗುಟುಕು ನುಂಗಿದ. ಕೈಗಡಿಯಾರ ನೋಡುತ್ತ ಕೂತ. ಅರ್ಧ ನಿಮಿಷ ಕಳೆಯಿತು. ಮತ್ತೊಂದು ಗುಟುಕು, ಮತ್ತೆ ಅರ್ಧ ನಿಮಿಷ.

"ನನಗೂ ಏನೂ ಬರುತ್ತಿಲ್ಲ," ಎಂದ. ಈ ಸಲ ದನಿಯಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು.

"ಕೆಲವರಿಗೆ ಬರೂದಿಲ್ರಿ. ಹುಟ್ಟಾ ಹಂಗ. ಅದೇನು ನಿಮ್ಮ ತಪ್ಪಲ್ಲ."

"ಹಾಗಾದರೆ ನನ್ನ ಕಾರ್ಖಾನೆಯಲ್ಲಿ ನಾನು ಯಾರನ್ನು ನಂಬಲಿ? ನಿಮ್ಮನ್ನಾ?"

"ಸಾಕಿದ ಯೀಸ್ಟಿನ ಟ್ಯಾಂಕಿಗೆ ನನ್ನ ನಂಬ್ರಿ. ಇದಕ್ಕ ನನ್ನ ಬ್ಯಾಡ. ಇಕಿನ್ನ ನಂಬ್ರಿ."

ತನ್ಮಯ ಮಾಲವಿಕಾಳ ಕಡೆ ತಿರುಗಿದ. ಅವಳು ಬೆಳಗಿನಿಂದ ಮೊದಲ ಬಾರಿಗೆ ತಲೆಯೆತ್ತಿದ್ದಳು.

"ಇದು ಸರಿಹೋಗಲು ಎಷ್ಟು ದಿನ?" ಎಂದು ಕೇಳಿದ.

"ಮೂರು ತಿಂಗಳು. ಕೆಲವು ಸಲ ಆ ಯೀಸ್ಟೇ ಅದನ್ನು ತಿಂದುಬಿಡ್ತದೆ."

"ತಿನ್ನದಿದ್ದರೆ?"

"ಚೆಲ್ಲಬೇಕು," ಎಂದಳು ಅವಳು. "ನಾನೇ ಚೆಲ್ತೀನಿ."

ತನ್ಮಯ ತನ್ನ ಫೋನು ತೆಗೆದು ಲಾಲಸಾಬನಿಗೆ ಹಚ್ಚಿದ.

"ಐದನೆಯ ಟ್ಯಾಂಕಿಗೆ ಬೀಗ ಹಾಕು," ಎಂದ. "ಕೀಲಿ ನಿನ್ನ ಹತ್ತಿರ ಇರಲಿ. ರಾತ್ರಿ ನಾವು ಬಂದ ಮೇಲೆ ಮಾಲವಿಕಾ ಮೇಡಂ ಕೈಗೆ ಕೊಡು. ಇಲ್ಲ, ಸಾಹೇಬರಿಗಲ್ಲ. ಮೇಡಂಗೆ."