ಹುಲ್ಲಿನಲ್ಲಿ ಬಿಟ್ಟ ಮರಿ

ಶಿಲ್ಪ ರಾಗಿ ಚೀಲದ ಹಿಂದೆ ಹೋಗಿ ಕೂತವಳು ಈಚೆಗೆ ಬರಲೇ ಇಲ್ಲ. ಗಂಗಲಕ್ಷ್ಮಿ ಬಸ್ಸಿಳಿದು ಬಂದ ಮುಖ ಕೂಡ ತೊಳೆಯದೆ ನಡುಮನೆಯಲ್ಲಿ ಮೊಣಕಾಲೂರಿ, ಎರಡೂ ಕೈ ಚಾಚಿ, ಬಾ ಬಂಗಾರಿ, ಬಾ ನನ್ನವ್ವ ಎಂದು ಕರೆದದ್ದೇ ಕರೆದದ್ದು. ಮಗು ಕಣ್ಣನ್ನಷ್ಟೇ ಹೊರಗಿಟ್ಟು ನೋಡಿತು. ಕೊನೆಗೆ ತಡೆಯಲಾರದೆ ಅವಳೇ ಹೋಗಿ ಎತ್ತಿಕೊಂಡಳು ನೋಡಿ, ಅದು ಹಟ್ಟಿಗೆಲ್ಲ ಕೇಳುವ ಹಾಗೆ ಕಿರುಚಿ, ಅವಳ ಭುಜವನ್ನು ಕಚ್ಚಿ, "ಅವ್ವಾ, ಅವ್ವಾ" ಎಂದು ಒಲೆಯ ಮುಂದಿದ್ದ ಪಾತಮ್ಮನ ಕಡೆಗೆ ಬಾಗಿತು. ಪಾತಮ್ಮ ಅದರ ಅಜ್ಜಿ, ಹೆತ್ತವ್ವ ಗಂಗಲಕ್ಷ್ಮಿಯ ಅತ್ತೆ. ಐದು ತಿಂಗಳ ಹಿಂದೆ ಮಗು ಅವಳನ್ನು ಅಜ್ಜಿ ಎಂದೇ ಕರೆಯುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹುಚ್ಚಕ್ಕ ಸುಮ್ಮನಿರುವ ಪೈಕಿಯೇ? ಮನೆ ಮರಿ ಬಿಟ್ಟು ಕಾಡಿನ ಮರಿಗೆ ಹಾಲು ಕುಡಿಸಲು ಹೋದರೆ ಇನ್ನೇನಾದೀತು ಎಂದು ನಗುನಗುತ್ತಲೇ ಅಂದು ಹೋದಳು. ಗಂಗಲಕ್ಷ್ಮಿಗೆ ಕಚ್ಚಿದ ಭುಜಕ್ಕಿಂತ ಆ ಮಾತು ಹೆಚ್ಚು ಉರಿಯಿತು.

ಹುಚ್ಚಕ್ಕ ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ ಅನ್ನಿ. ಪರಶುರಾಂಪುರದ ಸುತ್ತಿನ ಹಟ್ಟಿಗಳಲ್ಲಿ ಕುರಿಗೆ ಸೂಜಿ ಹಾಕುವುದು, ಜಂತಿನ ಔಷಧಿ ಕುಡಿಸುವುದು ಗಂಗಲಕ್ಷ್ಮಿಯ ಕೆಲಸ. ಚಳ್ಳಕೆರೆಯ ಒಂದು ಸಂಘದವರು ಕಲಿಸಿದ್ದರು. ಆ ಸಂಘಕ್ಕೆ ಕೀನ್ಯಾ ದೇಶದಿಂದ ಕರೆ ಬಂತು. ಅಲ್ಲಿ ಕಾಡುಪ್ರಾಣಿಗಳಿಗೆಂದೇ ಕಾಯ್ದಿಟ್ಟ ಬಯಲಿನಲ್ಲಿ ತಬ್ಬಲಿ ಮರಿಗಳನ್ನು ಸಾಕಬೇಕು, ಕುರಿ ದನದ ಜೊತೆ ಬೆಳೆದವರು ಬಂದರೆ ಒಳ್ಳೆಯದು, ಹೋಗಿ ಬರುವ ಖರ್ಚು ನಮ್ಮದು, ಊಟ ವಸತಿ ನಮ್ಮದು, ಸಂಬಳ ಮಾತ್ರ ಇಲ್ಲ ಎಂದಿದ್ದರು ಅಲ್ಲಿಯವರು. ಹಟ್ಟಿಯವರಿಗೆ ಇದರ ತಲೆಬುಡ ತಿಳಿಯಲಿಲ್ಲ. ದುಡಿಯಲು ದುಬೈಗೆ ಹೋದವರ ಸುದ್ದಿ ಕೇಳಿದ್ದರು, ಬಿಟ್ಟಿ ಚಾಕರಿಗೆ ವಿಮಾನ ಹತ್ತಿದವರನ್ನು ಕಂಡಿರಲಿಲ್ಲ. ಗಂಡ ರಾಮಾಂಜನೇಯ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ. ಅವ್ವ ಒಪ್ಪಿದರೆ ಹೋಗು ಎಂದು ಫೋನಿನಲ್ಲಿ ಹೇಳಿ ಕೈತೊಳೆದುಕೊಂಡ. ಪಾತಮ್ಮ ಒಪ್ಪಿದಳು. ಗಂಗಲಕ್ಷ್ಮಿಗೂ ಹೋಗಬೇಕು ಅನ್ನಿಸಿತ್ತು, ಯಾರ ಬಲವಂತವೂ ಇರಲಿಲ್ಲ. ಹೊರಟ ಬೆಳಿಗ್ಗೆ ಮಗು ಎದ್ದು ಅತ್ತರೆ ಕಾಲು ಕಿತ್ತಿಡಲಾಗದು ಎಂದು, ಅದು ಮಲಗಿದ್ದಾಗಲೇ ಬಸ್ಸು ಹಿಡಿದಿದ್ದಳು.

ಬಂದ ಮಾರನೆಯ ದಿನವೂ ಅದೇ ಪಾಡು. ಸ್ನಾನ ಮಾಡಿಸಲು ಹೋದರೆ ಒಲ್ಲೆ, ತಲೆ ಬಾಚಲು ಹೋದರೆ ಒಲ್ಲೆ, ತಂದ ಬೊಂಬೆಯನ್ನು ಅವಳ ಕೈಯಿಂದ ಇಸಿದುಕೊಳ್ಳಲೂ ಒಲ್ಲೆ. ಅವಳು ಒಳಗೆ ಹೋದ ಮೇಲೆ ಬಂದು ಬೊಂಬೆ ಎತ್ತಿಕೊಂಡು ಪಾತಮ್ಮನ ಮಗ್ಗುಲಿಗೆ ಓಡುತ್ತಿತ್ತು. ಪಾತಮ್ಮ ಅದನ್ನು ದೂರವೂ ಮಾಡಲಿಲ್ಲ, ನಿನ್ನವ್ವ ಕಣೆ ಹೋಗು ಎಂದು ಬಾಯಿ ಮಾತಿಗೂ ಅನ್ನಲಿಲ್ಲ. ಮುದುಕಿಗೆ ಒಳಗೊಳಗೇ ಖುಷಿಯೇ ಇರಬೇಕು ಎಂದು ಗಂಗಲಕ್ಷ್ಮಿಗೆ ಅನುಮಾನ ಹತ್ತಿತು. ಹತ್ತಿದ ಅನುಮಾನ ಇಳಿಯಲಿಲ್ಲ.

ಮಧ್ಯಾಹ್ನ ಮನೆಯಲ್ಲುಳಿದ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಾಗ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಅವಳು ಅತ್ತೆಗೆ ಹೇಳಿದಳು. ಆ ದೇಶಕ್ಕೆ ಹೋದ ಹೊಸದು. ಎದೆಮಟ್ಟದ ಹುಲ್ಲಿನ ನಡುವೆ ಒಂದು ಜಿಂಕೆ ಮರಿ ಒಂಟಿಯಾಗಿ ಮುದುರಿ ಮಲಗಿತ್ತು. ಕುರಿಯವರ ಮನೆಯಲ್ಲಿ ಹುಟ್ಟಿದವರು ಇನ್ನೇನು ಮಾಡುತ್ತಾರೆ? ಒಂಟಿಯಾಗಿ ಬಿದ್ದ ಮರಿ ಎಂದರೆ ಮಂದೆ ಬಿಟ್ಟುಹೋದ ಮರಿ. ಹಿಂದೆಮುಂದೆ ನೋಡದೆ ಹೆಗಲಿಗೆ ಹಾಕಿಕೊಂಡು ಬಿಡಾರಕ್ಕೆ ತಂದಳು. ಅಲ್ಲಿನ ಕಾವಲುಗಾರ ಹಣೆ ಚಚ್ಚಿಕೊಂಡ. ಆ ಜಾತಿಯಲ್ಲಿ ತಾಯಿಯೇ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಮೇಯಲು ಹೋಗುತ್ತದಂತೆ. ತಾನು ಹತ್ತಿರ ಇದ್ದರೆ ಚಿರತೆ, ಕತ್ತೆಕಿರುಬಗಳಿಗೆ ಗುರುತು ಸಿಗುತ್ತದೆ ಎಂದು. ಹೊತ್ತು ಹೊತ್ತಿಗೆ ಬಂದು ಹಾಲು ಕೊಟ್ಟು ಹೋಗುತ್ತದಂತೆ. ಮರಿಯನ್ನು ಮತ್ತೆ ಅದೇ ಜಾಗಕ್ಕೆ ಬಿಟ್ಟು, ದೂರದಲ್ಲಿ ಜೀಪು ನಿಲ್ಲಿಸಿ ಕಾದರು. ಸಂಜೆಗೆ ತಾಯಿ ಬಂತು. ಮೂಸಿತು, ಹಿಂದೆ ಸರಿಯಿತು. ಸುತ್ತು ಹಾಕಿ ಬಂದು ಮತ್ತೊಮ್ಮೆ ಮೂಸಿತು. ಆಮೇಲೆ ತನ್ನ ಗುಂಪಿನ ಹಿಂದೆ ಹೊರಟುಹೋಯಿತು. ಬೆಳಿಗ್ಗೆ ಅಲ್ಲಿ ಮರಿ ಇರಲಿಲ್ಲ. ಯಾರೂ ಅವಳನ್ನು ಬಯ್ಯಲಿಲ್ಲ, ಆದರೆ ಅವಳಿಗೆ ಅನ್ನ ಇಳಿಯಲಿಲ್ಲ.

"ಅದುಕ್ಕೆ ನನ್ ಕೈ ವಾಸ್ನೆ ಹತ್ತಿತ್ತು, ಅತ್ತೆ," ಅಂದಳು ಗಂಗಲಕ್ಷ್ಮಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನನ್ ಮಗೀಗೆ ಯಾರ ವಾಸ್ನೆ ಹತ್ತೈತೆ?"

ಪಾತಮ್ಮನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಆಮೇಲೆ ಅವಳು ಹಗ್ಗ ಬಿಗಿದು ಗಂಟು ಹಾಕಿದಳು.

"ನಂದೇ ಹತ್ತೈತೆ. ಐದು ತಿಂಗ್ಳು ಪಕ್ಕದಾಗೆ ಹಾಕ್ಕೊಂಡು ಮಲಗಿದ್ರೆ ಇನ್ಯಾರ್ದು ಹತ್ತುತ್ತೆ?"

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಪಾತಮ್ಮ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಕೈಚೀಲಕ್ಕೆ ಎಲೆ ಅಡಿಕೆ ತುಂಬುತ್ತಿದ್ದಳು. ಮೊಳಕಾಲ್ಮೂರಿನಲ್ಲಿರುವ ತಮ್ಮನ ಮನೆಗೆ ಹೊರಟಿದ್ದಾಳಂತೆ. ನಿನ್ನೆ ಬಾಯಿಗೆ ಬಂದಂತೆ ಆಡಿದೆ, ತಪ್ಪಾಯಿತು, ಹೋಗುವುದು ಬೇಡ ಎಂದು ಗಂಗಲಕ್ಷ್ಮಿ ಅಂಗಲಾಚಿದಳು.

"ಸಿಟ್ಟಲ್ಲ ಕಣೆ," ಅಂದಳು ಪಾತಮ್ಮ. "ಈದ ಕುರಿ ಮರೀನ ಒಲ್ಲೆ ಅಂದ್ರೆ ಏನ್ ಮಾಡ್ತೀವಿ? ಎರಡ್ನೂ ಒಂದೇ ಗೂಡಿಗೆ ಹಾಕಿ ಬಾಗ್ಲು ಮುಚ್ಚಲ್ವಾ? ಇಲ್ಲಿ ಮರೀನೇ ತಾಯಿನ ಒಲ್ಲೆ ಅಂತೈತೆ. ನಾನು ಗೂಡಿನಾಗೆ ಕುಂತಿದ್ರೆ ಅದು ನಿನ್ ತಾವ ಬರಲ್ಲ."

ಅವಳ ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ಮಲಗಿದ್ದ ಮಗುವಿನ ಮೇಲೇ ಇತ್ತು. ಅದು ಏಳುವ ಮೊದಲೇ ಹೊರಟುಬಿಡಿ ಎಂದು ಗಂಗಲಕ್ಷ್ಮಿ ಮೆಲ್ಲಗೆ ಅಂದಳು. ಅತ್ತರೆ ನೋಡಲಾಗುವುದಿಲ್ಲ ಅಂದಳು. ಪಾತಮ್ಮ ಅವಳನ್ನೇ ನೋಡಿದಳು.

"ಇಲ್ಲ. ನಾನು ಹೇಳೇ ಹೋಗ್ತೀನಿ."

ಮಗುವನ್ನು ಎಬ್ಬಿಸಿ, ಮುಖ ತೊಳೆಸಿ, ಎದುರಿಗೆ ನಿಲ್ಲಿಸಿಕೊಂಡು, ತಾನು ಊರಿಗೆ ಹೋಗುತ್ತಿದ್ದೇನೆ, ನಾಡಿದ್ದು ಬರುತ್ತೇನೆ ಎಂದು ದೊಡ್ಡವರಿಗೆ ಹೇಳುವ ಹಾಗೆ ಹೇಳಿದಳು. ಶಿಲ್ಪ ನೆಲಕ್ಕೆ ಬಿದ್ದು ಹೊರಳಿ ಅತ್ತಳು. ಪಾತಮ್ಮ ಹೋದಳು. ತಿರುವಿನ ತನಕ ಅವಳು ಸೆರಗಿನಿಂದ ಮೂಗು ಒರೆಸುತ್ತಿದ್ದುದು ಕಾಣುತ್ತಿತ್ತು.

ಗಂಗಲಕ್ಷ್ಮಿಯ ಕೈ ಎತ್ತಿಕೊಳ್ಳಲು ಮುಂದಾಯಿತು. ಹಿಂದಕ್ಕೆ ಎಳೆದುಕೊಂಡು, ಗೋಡೆಗೆ ಒರಗಿ ಕೂತಳು. ಎತ್ತಿಕೊಳ್ಳದೆ ಕೂರುವುದು ಎಷ್ಟು ಕಷ್ಟ ಎಂಬುದು ಅವಳಿಗೆ ಅವತ್ತು ತಿಳಿಯಿತು. ಮಗು ಅತ್ತು ಅತ್ತು ಬಿಕ್ಕಳಿಕೆಗೆ ಬಂದು ಸುಮ್ಮನಾಯಿತು. ಮಧ್ಯಾಹ್ನ ಇಟ್ಟ ಅನ್ನ ಹಾಗೇ ಒಣಗಿತು. ಹುಚ್ಚಕ್ಕ ಒಮ್ಮೆ ಇಣುಕಿದಳು, ಇವಳ ಮುಖ ನೋಡಿ ಬಂದ ಹಾಗೇ ಹೋದಳು.

ಸಂಜೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ತಟ್ಟೆಯನ್ನು ನಡುವೆ ಇಟ್ಟು, ಅವಳು ದೂರ ಸರಿದು ಕೂತಳು. ಹಸಿವು ಸುಮ್ಮನೆ ಬಿಡುತ್ತದೆಯೇ? ಮಗು ಕುಂಡೆ ಎಳೆದುಕೊಂಡೇ ಬಂದು ತಟ್ಟೆಗೆ ಕೈ ಹಾಕಿತು. ಎರಡು ತುತ್ತು ಉಂಡು, ತಲೆ ಎತ್ತದೆ ಕೇಳಿತು:

"ಅವ್ವ ಯಾವಾಗ ಬರ್ತಾಳೆ?"

"ನಾಡಿದ್ದು ಬರ್ತಾಳೆ. ಹೇಳೋಗವ್ಳಲ್ಲ."

ಮಗು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡಿತು. ಬಂದಾಗಿನಿಂದ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿತು.

"ನೀನು ಯಾವಾಗ ಹೋಗ್ತೀಯಾ?"

ಗಂಗಲಕ್ಷ್ಮಿಗೆ ಆಗ ಹೊಳೆಯಿತು. ಇದು ತನ್ನನ್ನು ಮರೆತಿಲ್ಲ, ಒಂದು ದಿನವೂ ಮರೆತಿರಲಿಲ್ಲ. ಹೋಗಲ್ಲ ಎಂದು ತಲೆ ಅಲ್ಲಾಡಿಸಿದಳು. ಬಾಯಿ ಬಿಟ್ಟೂ ಹೇಳಿದಳು, "ಎಲ್ಲೂ ಹೋಗಲ್ಲ."

ಶಿಲ್ಪ ನಂಬಿದಳೋ ಇಲ್ಲವೋ. ಉಂಡು ಮುಗಿಸಿ, ಕೈಯನ್ನು ಅಂಗಿಗೆ ಒರೆಸಿಕೊಂಡಳು. ಮೂಲೆಯಲ್ಲಿ ಸುತ್ತಿಟ್ಟಿದ್ದ ತನ್ನ ಚಾಪೆಯನ್ನು ದರದರ ಎಳೆದುಕೊಂಡು ಹೋಗಿ ಬಾಗಿಲಿಗೆ ಅಡ್ಡವಾಗಿ ಹಾಸಿ, ಅದರ ಮೇಲೆ ಮಲಗಿದಳು.