ಹೊಡೆಯುವ ಕೈಯ ಹಿಂದೆ

ಸ್ಯಾಂಡ್ರಾಳ ಬೆನ್ನಿನಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ಎಂದು ಮೊದಲು ಹೇಳಿದ್ದು ಹೊಸಂಗಡಿಯ ಟೈಲರ್ ಅಮ್ಮಣಿ. ಚಿಕ್ಕಮ್ಮನ ಮಗಳ ಮದುವೆಗೆ ರವಿಕೆ ಹೊಲಿಸಲು ಸ್ಯಾಂಡ್ರಾ ಅಲ್ಲಿಗೆ ಹೋಗಿದ್ದಳು. ಬೆನ್ನಿಗೆ ಟೇಪು ಹಿಡಿದ ಅಮ್ಮಣಿ ಒಂದೇ ಅಳತೆಯನ್ನು ಎರಡೆರಡು ಸಲ ತೆಗೆದಳು.

"ನಿನ್ನ ಬಲದ ಹೆಗಲು ಕೆಳಗೆ ಜಾರಿದೆ ಮಾರಾಯ್ತಿ. ಹೆಗಲ ಹಿಂದೆ ತಗ್ಗು ಬಿದ್ದ ಹಾಗೆ ಒಂದು ಗುಂಡಿಯೂ ಉಂಟು. ನೋವಿಲ್ಲವಾ?"

"ಇಲ್ಲ ಅಮ್ಮಣಿಯಕ್ಕ."

"ಎಂತ ಕೆಲಸ ಮಾಡುದು ನೀನು?"

"ವಾಲಿಬಾಲ್ ಆಡ್ತೇನೆ."

ಅಮ್ಮಣಿ ಎರಡೂ ಬದಿಗೆ ಬೇರೆ ಬೇರೆ ಅಳತೆ ಬರೆದುಕೊಂಡಳು.

ಸ್ಯಾಂಡ್ರಾಳಿಗೆ ಇಪ್ಪತ್ಮೂರು ವರ್ಷ. ಮನೆ ಪೈವಳಿಕೆ. ಹನ್ನೆರಡನೇ ವಯಸ್ಸಿನಿಂದಲೂ ಗಣೇಶಪ್ರಸಾದ ಮಾಷ್ಟ್ರ ಕೈಕೆಳಗೆ ಆಡುತ್ತ ಬಂದವಳು, ತಂಡದ ಮುಖ್ಯ ಸ್ಮ್ಯಾಶರ್. ಈಚೆಗೆ ಅವಳು ಹೊಡೆದ ಚೆಂಡನ್ನು ಎದುರಾಳಿಗಳು ಸಲೀಸಾಗಿ ಎತ್ತತೊಡಗಿದ್ದರು. ದಣಿವಿರಬೇಕು ಎಂದುಕೊಂಡಿದ್ದಳು.

ಅಮ್ಮಣಿ ಹೇಳಿದ್ದನ್ನು ಅವಳಿಂದ ಕೇಳಿ ಮಾಷ್ಟ್ರೇ ಅವಳನ್ನು ಕಾಸರಗೋಡಿಗೆ, ಫಿಸಿಯೋಥೆರಪಿಸ್ಟ್ ದೀಪಶ್ರೀಯ ಹತ್ತಿರ ಕರೆದುಕೊಂಡು ಹೋದರು. ಅವರನ್ನು ಹೊರಗೆ ಕೂರಿಸಿ ದೀಪಶ್ರೀ ಅವಳ ಹೆಗಲ ಹಿಂದಿನ, ಹಲಗೆಯಂಥ ಎರಡು ಎಲುಬುಗಳ ಅಂಚಿಗೆ ಬಣ್ಣದ ಚುಕ್ಕಿಗಳನ್ನು ಅಂಟಿಸಿದಳು. ಎರಡು ಕೈಯಲ್ಲೂ ಒಂದೊಂದು ಕಿಲೋ ಭಾರ ಕೊಟ್ಟು, ನಿಧಾನಕ್ಕೆ ಎತ್ತಿ ಇಳಿಸಲು ಹೇಳಿ, ಹಿಂದಿನಿಂದ ಮೊಬೈಲಿನಲ್ಲಿ ವೀಡಿಯೋ ತೆಗೆದಳು.

ತನ್ನ ಬೆನ್ನನ್ನು ಸ್ಯಾಂಡ್ರಾ ನೋಡಿದ್ದು ಅದೇ ಮೊದಲು. ಎಡಗೈ ಏರಿದಂತೆ ಆ ಬದಿಯ ಎಲುಬು ಪಕ್ಕೆಗೆ ಅಂಟಿಕೊಂಡೇ ಹೊರಳಿ ಮೇಲಕ್ಕೆ ಸಾಗುತ್ತಿತ್ತು. ಬಲಬದಿಯದ್ದು ತಡವರಿಸುತ್ತಿತ್ತು, ಕೈ ಇಳಿಸುವಾಗ ಅದರ ಒಳ ಅಂಚು ಚರ್ಮವನ್ನು ನೂಕಿಕೊಂಡು ಎದ್ದು ನಿಂತಿತು. ಬೇರೆ ಯಾರದೋ ಬೆನ್ನು ನೋಡುವ ಹಾಗೆ ಅವಳು ನೋಡಿದಳು.

ಸ್ಕ್ಯಾನ್ ಆಯಿತು, ನರದ ಪರೀಕ್ಷೆಯೂ ಆಯಿತು. ವರ್ಷಗಟ್ಟಲೆ ಸರ್ವ್ ಮಾಡಿ, ಸ್ಮ್ಯಾಶ್ ಹೊಡೆದು, ಹೆಗಲ ಹಿಂದಿನ ಒಂದು ನರ ಎಳೆತಕ್ಕೆ ಸಿಕ್ಕಿ ಸಿಕ್ಕಿ ಸೋತಿತ್ತು. ಅದು ನಡೆಸುವ ಸ್ನಾಯು ಒಣಗಿತ್ತು.

"ಗುಂಡಿ ತುಂಬುತ್ತದಾ?" ಸ್ಯಾಂಡ್ರಾ ಕೇಳಿದಳು.

"ಹೇಳ್ಲಿಕ್ಕೆ ಆಗುದಿಲ್ಲ," ಎಂದಳು ದೀಪಶ್ರೀ. "ವ್ಯಾಯಾಮ ಮಾಡಿದರೆ ಎಲುಬಿನ ಚಲನೆ ಸರಿ ಮಾಡಬಹುದು. ಆದ್ರೆ ಆರು ತಿಂಗಳು ನೀವು ಕೈ ಎತ್ತಿ ಹೊಡೀಬಾರದು."

"ಸರಿ."

ವಾಪಸು ಬರುವಾಗ ಬಸ್ಸಿನಲ್ಲಿ ಮಾಷ್ಟ್ರು ಅವಳ ಪರೀಕ್ಷೆಯ ವರದಿಯನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದರು. ಕುಂಬಳೆ ದಾಟಿದ ಮೇಲೆ ಹೇಳಿದರು, "ಹನ್ನೊಂದು ವರ್ಷ ನಾನು ಚೆಂಡನ್ನೇ ನೋಡಿದ್ದು. ನಿನ್ನ ಬೆನ್ನು ನೋಡ್ಲೇ ಇಲ್ಲ."

"ನನಗೂ ಗೊತ್ತಾಗ್ಲಿಲ್ಲ ಮಾಷ್ಟ್ರೆ."

ಮನೆಯಲ್ಲಿ ಅಮ್ಮ ಅಪೊಲೋನಿಯಾ ಸುದ್ದಿ ಕೇಳಿ ಅತ್ತಳು. ಅವಳು ಅಳುವುದನ್ನು ನೋಡುತ್ತಾ ಸ್ಯಾಂಡ್ರಾ ಅನ್ನ ಉಂಡಳು, ತಟ್ಟೆ ತೊಳೆದಳು. ಮರುದಿನದಿಂದ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಹೇಳಿಕೊಟ್ಟಷ್ಟು ಸಲ ಎಳೆದಳು. ಬೇಸರವೂ ಆಗಲಿಲ್ಲ, ಭರವಸೆಯೂ ಹುಟ್ಟಲಿಲ್ಲ.

ತಿಂಗಳ ನಂತರ ಮಾಷ್ಟ್ರು ಅವಳನ್ನು ಲಿಬೆರೊ ಮಾಡಿದರು. ಲಿಬೆರೊ ಎಂದರೆ ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಷ್ಟೇ ಆಡಿ, ಬಂದ ಚೆಂಡನ್ನು ತಗ್ಗಿನಿಂದ ಎತ್ತಿ ಕೊಡುವವಳು. ಸ್ಮ್ಯಾಶ್ ಹೊಡೆಯುವ ಜಾಗ ಹತ್ತೊಂಬತ್ತರ ಮೂಕಾಂಬಿಕಾಳಿಗೆ ಹೋಯಿತು. ಬಸ್ಸಿನಲ್ಲಿ ಯಾರಾದರೂ ಆಚೆ ಸೀಟಿಗೆ ಸರಿದುಕೋ ಎಂದರೆ ಸರಿಯುವ ಹಾಗೆ ಸ್ಯಾಂಡ್ರಾ ಒಪ್ಪಿದಳು.

ಹಿಂದಿನ ಸಾಲಿನಿಂದ ಮುಂದಿನವರ ಬೆನ್ನುಗಳು ಕಾಣುತ್ತವೆ. ಒಂದು ಸಂಜೆ, ಹೊಡೆದು ಕೈ ಇಳಿಸುವಾಗ ಮೂಕಾಂಬಿಕಾಳ ಬೆವರಿದ ಅಂಗಿಯ ಅಡಿಯಲ್ಲಿ ಬಲದ ಎಲುಬು ಎದ್ದು ನಿಂತದ್ದು ಅವಳಿಗೆ ಕಂಡಿತು. ಮಾಷ್ಟ್ರಿಗೆ ಹೇಳಿದಳು. ಅವರು ತಂಡದ ಎಲ್ಲರನ್ನೂ ದೀಪಶ್ರೀಗೆ ತೋರಿಸಿದರು. ಉಳಿದವರಿಗೆ ತೊಂದರೆ ಇರಲಿಲ್ಲ. ಮೂಕಾಂಬಿಕಾಳ ನರಕ್ಕೆ ಇನ್ನೂ ಪೆಟ್ಟಾಗಿರಲಿಲ್ಲ, ಎಲುಬಿನ ಚಲನೆ ಮಾತ್ರ ತಪ್ಪಿತ್ತು. ಎರಡು ತಿಂಗಳು ಆಟ ಬಿಡಬೇಕಾಯಿತು. ಅವಳಿಗೆ ಜಿಲ್ಲಾ ಪಂದ್ಯ ಕೈತಪ್ಪಿತು.

"ನಿಮ್ಮ ಜಾಗ ಹೋಯ್ತು ಅಂತ ನನ್ನದನ್ನೂ ಕಳೆದದ್ದಲ್ವಾ ಅಕ್ಕ?" ಮೂಕಾಂಬಿಕಾ ಎಲ್ಲರೆದುರು ಕೇಳಿದಳು.

ಉತ್ತರ ಹೇಳಬೇಕು ಎಂದು ಸ್ಯಾಂಡ್ರಾಳಿಗೆ ಅನಿಸಿತು. ಆದರೆ ಸಿಟ್ಟಾಗಲಿ ದುಃಖವಾಗಲಿ ಎಲ್ಲಿಯೂ ಸಿಗಲಿಲ್ಲ. "ಅಲ್ಲ," ಎಂದಷ್ಟೇ ಹೇಳಿ ಶೂ ಬಿಚ್ಚಿದಳು. ಆಮೇಲೆ ಮೂಕಾಂಬಿಕಾ ಅವಳೊಡನೆ ಮಾತು ಬಿಟ್ಟಳು.

ಆರು ತಿಂಗಳಾದ ಮೇಲಿನ ವೀಡಿಯೋದಲ್ಲಿ ಸ್ಯಾಂಡ್ರಾಳ ಎಲುಬು ಸರಿಯಾಗಿ ಹೊರಳುತ್ತಿತ್ತು. ಗುಂಡಿ ಹಾಗೆಯೇ ಇತ್ತು. ಮೆಲ್ಲಗೆ ಹೊಡೆದು ನೋಡಬಹುದು ಎಂದಳು ದೀಪಶ್ರೀ. ಸ್ಯಾಂಡ್ರಾ ಮಾಷ್ಟ್ರಿಗೆ ಫೋನ್ ಮಾಡಿ, ತಾನು ಹಿಂದಿನ ಸಾಲಿನಲ್ಲೇ ಆಡುತ್ತೇನೆ ಎಂದಳು.

ಆ ಹೊತ್ತಿಗೆ ಮೂಕಾಂಬಿಕಾ ಮರಳಿದ್ದಳು. ಮುಂದಿನ ಪಂದ್ಯದ ಮೂರನೇ ಸೆಟ್‌ನಲ್ಲಿ ಇನ್ನೇನು ನೆಲ ಮುಟ್ಟಲಿದ್ದ ಒಂದು ಚೆಂಡನ್ನು ಸ್ಯಾಂಡ್ರಾ ಹಾರಿಬಿದ್ದು ಎತ್ತಿದಳು. ಅದನ್ನು ಮೂಕಾಂಬಿಕಾ ಹೊಡೆದು ಅಂಕ ತಂದಳು. ಸ್ಯಾಂಡ್ರಾಳ ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಉರಿತದಾ?" ಕೈಕೊಟ್ಟು ಎಬ್ಬಿಸುತ್ತಾ ಮೂಕಾಂಬಿಕಾ ಕೇಳಿದಳು.

"ಸ್ವಲ್ಪ," ಎಂದಳು ಸ್ಯಾಂಡ್ರಾ.